ಸಣ್ಣ ಮೀನುದೋಣಿಗೆ ವಿದ್ಯುತ್ ಮೋಟಾರು: ಕೊಳ್ಳುವವರ ಲೆಕ್ಕ, ಮಾರುವವರ ಲೆಕ್ಕ

ಕಳೆದ ದೀಪಾವಳಿಯ ಆಸುಪಾಸಿನಲ್ಲಿ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಎರಡು ತಲೆಮಾರುಗಳಿಂದ ಪಂಪ್‌ಸೆಟ್ ಮೋಟಾರುಗಳ ರೀವೈಂಡಿಂಗ್ ಕೆಲಸ ನಡೆಸಿಕೊಂಡು ಬಂದಿರುವ ಕಕ್ಷಿದಾರರೊಬ್ಬರು ಬಸವೇಶ್ವರನಗರದ ನನ್ನ ಕಚೇರಿಗೆ ಒಂದು ದರಪಟ್ಟಿಯನ್ನು ಹಿಡಿದು ಬಂದರು. ಸಣ್ಣ ಮೀನುಗಾರಿಕಾ ದೋಣಿಗಳಿಗೆ ಜೋಡಿಸುವ, ಬ್ಯಾಟರಿಯಿಂದ ನಡೆಯುವ ಟ್ರೋಲಿಂಗ್ ಮೋಟಾರುಗಳನ್ನು ಹೊರದೇಶದಿಂದ ತರಿಸಿ, ನಮ್ಮ ಜಲಾಶಯಗಳ ಮೀನುಗಾರರಿಗೆ ಮಾರುವುದು ಅವರ ಯೋಜನೆ. ಅರವತ್ತು ಮೋಟಾರುಗಳು, ಸುಂಕ, ಸಾಗಣೆ ಸೇರಿ ಒಂದೊಂದಕ್ಕೆ ಸುಮಾರು 14,000 ರೂಪಾಯಿ, ಒಟ್ಟು ಎಂಟೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಹೊಸ ಪೀಳಿಗೆಯವರಿಗೆ ಜಾಬ್ ವರ್ಕ್ ಬಿಟ್ಟು ತಮ್ಮದೇ ಹೆಸರಿನ ವಸ್ತುವೊಂದು ಇರಬೇಕೆಂಬ ಆಸೆ ಸಹಜವೇ ಆಗಿದೆ.

"ಸಾರ್, ದೋಣಿಯೊಂದಕ್ಕೆ ದಿನಕ್ಕೆ ನೂರೈವತ್ತು ರೂಪಾಯಿ ಪೆಟ್ರೋಲ್ ಉಳಿಯುತ್ತದೆ. ಕೊಂಡವನಿಗೆ ಒಂದೇ ವರ್ಷದಲ್ಲಿ ಹಣ ವಾಪಸ್ಸು," ಎಂದರು.

"ನಿಮ್ಮ ಗಿರಾಕಿ ಈಗ ಪೆಟ್ರೋಲ್ ಹಾಕುತ್ತಿದ್ದಾನೆಯೇ?" ಎಂದು ಕೇಳಿದೆ.

ಅವರು ಉತ್ತರಿಸಲಿಲ್ಲ. ನಮ್ಮ ಒಳನಾಡಿನ ಜಲಾಶಯಗಳಲ್ಲಿ ಮೀನು ಹಿಡಿಯುವವರಲ್ಲಿ ಬಹುಪಾಲು ಜನ ಹರಿಗೋಲಿನಲ್ಲಿ ಅಥವಾ ಸಣ್ಣ ಫೈಬರ್ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗುವವರು. ಹುಟ್ಟಿಗೆ ಇಂಧನದ ಖರ್ಚಿಲ್ಲ. ಇಲ್ಲದ ಖರ್ಚನ್ನು ಉಳಿಸಿಕೊಡುವ ಯಂತ್ರವನ್ನು ಮಾರಲು ಹೊರಟರೆ ಲೆಕ್ಕಪತ್ರದ ಮೊದಲ ಸಾಲಿನಲ್ಲಿಯೇ ತಪ್ಪಾಗುತ್ತದೆ. ಈ ಲೇಖನ ಹುಟ್ಟಿದ್ದು ಆ ಮಾತುಕತೆಯಿಂದ. ನಮ್ಮ ಸದಸ್ಯರಲ್ಲಿ ಮೋಟಾರು, ಬ್ಯಾಟರಿ, ಫ್ಯಾಬ್ರಿಕೇಷನ್ ವ್ಯವಹಾರದವರು ಹಲವರಿರುವುದರಿಂದ ಇದನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಟ್ರೋಲಿಂಗ್ ಬೇರೆ, ಟ್ರಾಲಿಂಗ್ ಬೇರೆ

ಮೊದಲಿಗೆ ಹೆಸರಿನ ಗೊಂದಲ. ಕರಾವಳಿಯವರು ಟ್ರಾಲ್ ಬೋಟ್ ಎನ್ನುವುದು ದೊಡ್ಡ ಡೀಸೆಲ್ ಎಂಜಿನಿನಿಂದ ಬಲೆಯನ್ನು ಸಮುದ್ರದ ತಳದಲ್ಲಿ ಎಳೆಯುವ ಯಾಂತ್ರಿಕ ದೋಣಿಯನ್ನು. ಟ್ರೋಲಿಂಗ್ ಎಂದರೆ ಗಾಳದ ದಾರವನ್ನು ನೀರಿನಲ್ಲಿ ಬಿಟ್ಟು ದೋಣಿಯನ್ನು ನಿಧಾನವಾಗಿ ನಡೆಸುವುದು. ಆ ನಿಧಾನ ನಡೆಗೆಂದೇ ಹುಟ್ಟಿದ ಮೋಟಾರಿಗೆ ಅದೇ ಹೆಸರು ಅಂಟಿಕೊಂಡಿತು. (ನಮ್ಮ ಕಕ್ಷಿದಾರರ ಗುಮಾಸ್ತರು ಕಡತದ ಮೇಲೆ ಟ್ರಾಲಿ ಮೋಟಾರು ಎಂದು ಬರೆದಿದ್ದರು, ಅದನ್ನು ತಿದ್ದದೆ ಸೀಮಾಸುಂಕದ ಕಾಗದಗಳಿಗೆ ಹೋಗಲು ಬಿಟ್ಟಿದ್ದರೆ ಇನ್ನೊಂದು ಪ್ರಕರಣವಾಗುತ್ತಿತ್ತು.)

ಇದರ ಮೂಲ ನಮ್ಮ ವರ್ಕ್‌ಶಾಪುಗಳಿಗೆ ಪರಿಚಿತವೆನಿಸುವಂತಹುದು. 1934ರಲ್ಲಿ ಅಮೆರಿಕದ ಉತ್ತರ ಡಕೋಟಾ ರಾಜ್ಯದ ಫಾರ್ಗೋ ಎಂಬ ಊರಿನಲ್ಲಿ ಓ. ಜಿ. ಸ್ಮಿಟ್ ಎಂಬವರು ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟಾರಿಗೆ ಬಾಗುವ ಶಾಫ್ಟು ಮತ್ತು ಪ್ರೊಪೆಲ್ಲರ್ ಜೋಡಿಸಿ ಇದನ್ನು ತಯಾರಿಸಿದರು. ಮಿನ್ನೆಸೋಟಾ ಮತ್ತು ಡಕೋಟಾ ಎರಡೂ ಹೆಸರುಗಳನ್ನು ಕೂಡಿಸಿದ ಮಿನ್ ಕೋಟಾ ಎಂಬ ಸಂಸ್ಥೆ ಅಲ್ಲಿಂದ ಬೆಳೆಯಿತು. ಮೋಟಾರನ್ನು ನೀರಿನೊಳಗೇ ಇಟ್ಟು, ಅದರ ತುದಿಗೇ ಪ್ರೊಪೆಲ್ಲರ್ ಹಾಕುವುದು ಇಂದಿನ ರೂಢಿ. ಉಳಿದದ್ದೆಲ್ಲ ಒಂದು ಶಾಫ್ಟು, ಒಂದು ಹಿಡಿ, ಒಂದು ಕ್ಲಾಂಪು, ಬ್ಯಾಟರಿಗೆ ಹೋಗುವ ಎರಡು ತಂತಿ.

ಸಮುದ್ರಕ್ಕೆ ಇದು ಸಲ್ಲದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕರಾವಳಿಯ ನಾಡದೋಣಿಗೆ ಹಾಕುವ 9.9 ಅಶ್ವಶಕ್ತಿಯ ಎಂಜಿನು ಸುಮಾರು 7,400 ವಾಟ್. ದೊಡ್ಡದೆನಿಸುವ 12 ವೋಲ್ಟಿನ ಟ್ರೋಲಿಂಗ್ ಮೋಟಾರು ಬ್ಯಾಟರಿಯಿಂದ ಎಳೆಯುವುದು 600 ವಾಟ್. ಅಳಿವೆಯ ಅಲೆಗಳನ್ನು ಅದು ದಾಟಲಾರದು. 2023ರ ರಾಜ್ಯ ಮುಂಗಡಪತ್ರದಲ್ಲಿ ಸೀಮೆಎಣ್ಣೆ ಎಂಜಿನುಗಳನ್ನು ಬದಲಿಸಲು ಸಹಾಯಧನ ಘೋಷಿಸಿದಾಗಲೂ ಬದಲಿಯಾಗಿ ಹೇಳಿದ್ದು ಪೆಟ್ರೋಲ್ ಮತ್ತು ಡೀಸೆಲ್ ಎಂಜಿನುಗಳನ್ನೇ. ಜೊತೆಗೆ ಉಪ್ಪುನೀರಿಗೆ ಬೇರೆ ಲೇಪನ, ಸವೆಯಲೆಂದೇ ಇಡುವ ಸತುವಿನ ತುಂಡು ಬೇಕು. ಸಿಹಿನೀರಿನ ಮಾದರಿಯನ್ನು ಮಂಗಳೂರಿನ ಕಡೆ ಮಾರಿದವರಿಗೆ ದೂರುಗಳು ತಪ್ಪುವುದಿಲ್ಲ. ನಮ್ಮ ಮಾರುಕಟ್ಟೆ ಕೆರೆ, ಜಲಾಶಯ, ನದಿಯ ಹಿನ್ನೀರು.

ಮಾರ್ಕೋನಹಳ್ಳಿಯಲ್ಲಿ ಕಂಡದ್ದು

ಅಂಕಿಗಳನ್ನು ಮೇಜಿನ ಮೇಲೆಯೇ ಕೂಡಿಸಿ ಕಳೆಯುವುದಕ್ಕಿಂತ ನೀರಿನ ಬಳಿಗೆ ಹೋಗಿ ಬರೋಣವೆಂದು ಧನುರ್ಮಾಸದ ಒಂದು ನಸುಕಿನಲ್ಲಿ ಮಾಗಡಿ ರಸ್ತೆ ಹಿಡಿದು, ಕುಣಿಗಲ್ ದಾಟಿ, ಯಡಿಯೂರಿಗೆ ಸಮೀಪದ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋದೆವು. ಶಿಂಷಾ ನದಿಗೆ ಕಟ್ಟಿದ ಜಲಾಶಯ. ಅಲ್ಲಿ ಬಲೆ ಬಿಡಿಸುತ್ತಾ ಕುಳಿತಿದ್ದ ಹಿರಿಯರೊಬ್ಬರನ್ನು ಮೋಟಾರಿನ ಬಗ್ಗೆ ಕೇಳಿದಾಗ ಅವರು ಹೇಳಿದ ಮಾತು ಯಾವ ಕಂಪನಿಯ ಕೈಪಿಡಿಯಲ್ಲಿಯೂ ನನಗೆ ಸಿಕ್ಕಿಲ್ಲ.

"ಹೋಗೋವಾಗ ಗಾಳಿನೇ ತಳ್ಕೊಂಡ್ ಹೋಯ್ತದೆ ಸ್ವಾಮಿ. ಬರೋವಾಗ ಎದುರುಗಾಳಿ, ಬಲೇನೂ ನೆಂದಿರ್ತದೆ, ಮೀನೂ ಇರ್ತದೆ. ತೋಳು ಬಿದ್ದೋಯ್ತದೆ. ಮೋಟ್ರು ಬೇಕಾಗಿರೋದು ಆವಾಗ."

ಎರಡನೆಯ ಸಂಗತಿ ನಾವೇ ಕಣ್ಣಾರೆ ಕಂಡದ್ದು. ಹರಿಗೋಲು ದುಂಡಗಿರುತ್ತದೆ. ಟ್ರೋಲಿಂಗ್ ಮೋಟಾರಿನ ಕ್ಲಾಂಪು ಚಪ್ಪಟೆಯಾದ ಹಿಂಬದಿ ಹಲಗೆಯುಳ್ಳ ದೋಣಿಗೆ ಮಾಡಿದ್ದು. ಹರಿಗೋಲಿನ ಅಂಚಿಗೆ ಅದು ಕಚ್ಚುವುದಿಲ್ಲ; ಹೇಗೋ ಕಟ್ಟಿದರೂ ಹರಿಗೋಲು ಮುಂದಕ್ಕೆ ಹೋಗುವ ಬದಲು ನಿಂತಲ್ಲೇ ಸುತ್ತಲು ನೋಡುತ್ತದೆ. ಮೀನುಗಾರಿಕೆ ಇಲಾಖೆಯ ಯೋಜನೆಗಳಲ್ಲಿ ವಿತರಣೆಯಾಗುವ ಫೈಬರ್ ಹರಿಗೋಲಿಗೂ ಇದೇ ತೊಡಕು. ಅಂದರೆ ನಮ್ಮ ಕಕ್ಷಿದಾರರು ಎಣಿಸಿದ್ದ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಮೋಟಾರಿಗಿಂತ ಮೊದಲು ಅದನ್ನು ಕೂರಿಸುವ ಒಂದು ಚೌಕಟ್ಟು ಬೇಕಾಗಿತ್ತು. ಆ ಚೌಕಟ್ಟನ್ನು ಯಾರೂ ಹೊರದೇಶದಿಂದ ಕಳುಹಿಸುವುದಿಲ್ಲ.

ಎಷ್ಟು ನೂಕುಬಲ ಸಾಕು?

ಈ ಮೋಟಾರುಗಳನ್ನು ಅಶ್ವಶಕ್ತಿಯಲ್ಲಿ ಅಳೆಯುವುದಿಲ್ಲ. ಥ್ರಸ್ಟ್, ಅಂದರೆ ನೂಕುಬಲವನ್ನು ಪೌಂಡಿನಲ್ಲಿ ಬರೆದಿರುತ್ತಾರೆ. 30, 40, 45, 55 ಎಂಬ ಅಂಕಿಗಳು ಅವೇ. ಬಳಕೆಯಲ್ಲಿರುವ ಸ್ಥೂಲ ಸೂತ್ರವೆಂದರೆ ತುಂಬಿದ ದೋಣಿಯ ತೂಕದ ನೂರರಲ್ಲಿ ಎರಡು ಭಾಗ. ಮಾರ್ಕೋನಹಳ್ಳಿಯಲ್ಲಿ ಕಂಡಂತಹ ಚಪ್ಪಟೆ ತಳದ ಫೈಬರ್ ದೋಣಿ 120 ಕಿಲೋ, ಇಬ್ಬರು 130, ಬಲೆ ಮತ್ತು ಸಾಮಾನು 40, ಬ್ಯಾಟರಿ 30, ಮೀನು 50 ಎಂದು ಹಿಡಿದರೆ ಒಟ್ಟು 370 ಕಿಲೋ. ನೂರಕ್ಕೆ ಎರಡರಂತೆ 7.4 ಕಿಲೋ, ಅಂದರೆ ಸುಮಾರು 16 ಪೌಂಡ್. ಇದು ನಿಂತ ನೀರಿನ ಲೆಕ್ಕ. ಎದುರುಗಾಳಿಗೆಂದು ಅದನ್ನು ಇಮ್ಮಡಿಗೊಳಿಸಿದರೆ 33. ಆದ್ದರಿಂದ 40 ಪೌಂಡಿನ ಮೋಟಾರು ಈ ದೋಣಿಗೆ ಧಾರಾಳವಾಗಿ ಸಾಕು.

55 ತಂದರೆ ಬೇಗ ಹೋಗಬಹುದಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹೋಗಲಾಗುವುದಿಲ್ಲ. ಪ್ರೊಪೆಲ್ಲರಿನ ವಿನ್ಯಾಸವೇ ನಿಧಾನ ನಡೆಯದ್ದು. ಗಂಟೆಗೆ ಏಳೆಂಟು ಕಿಲೋಮೀಟರ್ ಮುಟ್ಟಿದರೆ ಅದೇ ಹೆಚ್ಚು. ಹೆಚ್ಚಿನ ನೂಕುಬಲ ಭಾರವನ್ನು ನೂಕುತ್ತದೆಯೇ ಹೊರತು ವೇಗವನ್ನು ಕೊಡುವುದಿಲ್ಲ. ಬದಲಿಗೆ ವಿದ್ಯುತ್ತನ್ನು ನುಂಗುತ್ತದೆ: 12 ವೋಲ್ಟಿನಲ್ಲಿ ಪೂರ್ಣ ವೇಗದಲ್ಲಿ ಸ್ಥೂಲವಾಗಿ ಪೌಂಡಿಗೊಂದು ಆಂಪಿಯರ್. ನೀರಿನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದರೆ ದೋಣಿಗೆ ಬೇಕಾದ ಶಕ್ತಿ ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ವೇಗ ನಿಯಂತ್ರಣ ಯಾವ ಬಗೆಯದು ಎಂದು ಕೇಳಿ ಕೊಳ್ಳಬೇಕು. ಅಗ್ಗದ ಮಾದರಿಗಳಲ್ಲಿ ಐದು ಹಂತದ ಸ್ವಿಚ್ಚು ಇದ್ದು, ಕೆಳಹಂತಗಳಲ್ಲಿ ಉಳಿದ ವಿದ್ಯುತ್ತು ತಂತಿಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಎಲೆಕ್ಟ್ರಾನಿಕ್ ನಿಯಂತ್ರಣದ ಮಾದರಿಗೆ ಕೆಲವು ಸಾವಿರ ಹೆಚ್ಚು ಕೊಟ್ಟರೂ ಅದು ಬ್ಯಾಟರಿಯ ಬಾಬಿನಲ್ಲಿ ಹಿಂತಿರುಗುತ್ತದೆ.

ಬ್ಯಾಟರಿಯೇ ನಿಜವಾದ ಖರೀದಿ

ಕಕ್ಷಿದಾರರು ಪರೀಕ್ಷೆಗೆಂದು ಕೊಂಡ ಮೊದಲ ಮೋಟಾರಿಗೆ ಮನೆಯಲ್ಲಿದ್ದ ಕಾರಿನ ಬ್ಯಾಟರಿಯನ್ನೇ ಜೋಡಿಸಿದ್ದರು. ಎರಡು ತಿಂಗಳಿಗೆ ಅದು ಮಲಗಿತು. ಕಾರಿನ ಬ್ಯಾಟರಿ ಕೆಲವು ಕ್ಷಣ ದೊಡ್ಡ ಪ್ರವಾಹ ಕೊಟ್ಟು ಮತ್ತೆ ತುಂಬಿಕೊಳ್ಳಲು ಮಾಡಿದ್ದು. ದಿನವೂ ಅರ್ಧ ಖಾಲಿಯಾಗಲು ಅಲ್ಲ. ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬಗೆಯದು ಅಥವಾ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬೇಕು.

ದಿನಕ್ಕೆ ಎರಡು ಗಂಟೆ ಓಟ, ಸರಾಸರಿ 20 ಆಂಪಿಯರ್ ಎಂದರೆ 40 ಆಂಪಿಯರ್-ಅವರ್. ಸೀಸದ 100 ಆಂಪಿಯರ್-ಅವರ್ ಬ್ಯಾಟರಿಯ ಆ ನೂರು ಇಪ್ಪತ್ತು ಗಂಟೆಗಳ ನಿಧಾನ ಬಳಕೆಯ ಅಂಕಿ. ಬೇಗನೆ ಎಳೆದರೆ ಅಷ್ಟು ಸಿಗುವುದಿಲ್ಲ, ಅರ್ಧಕ್ಕಿಂತ ಕೆಳಗಿಳಿಸಿದರೆ ಆಯುಸ್ಸು ಕುಗ್ಗುತ್ತದೆ. ಹೀಗಾಗಿ 40 ಎಂಬುದು ಅದರ ಅಂಚು. ಲಿಥಿಯಂ ಬ್ಯಾಟರಿಯನ್ನು ನೂರಕ್ಕೆ ಎಂಬತ್ತರವರೆಗೆ ಬಳಸಬಹುದಾದ್ದರಿಂದ 60 ಆಂಪಿಯರ್-ಅವರ್ ಸಾಕು. ಆದರೆ ಹೊಸ ಹುರುಪಿನಲ್ಲಿ ಇಡೀ ದಾರಿ ಪೂರ್ಣ ವೇಗದಲ್ಲಿ ಹೋದರೆ 40 ಪೌಂಡಿನ ಮೋಟಾರಿಗೆ ಎರಡು ಗಂಟೆಗೆ 80 ಆಂಪಿಯರ್-ಅವರ್ ಬೇಕು. ಆಗ ಎದುರುಗಾಳಿಯಲ್ಲಿ ನಡುನೀರಿನಲ್ಲಿ ನಿಲ್ಲಬೇಕಾಗುತ್ತದೆ. ಮೋಟಾರು ಕೊಂಡವನೂ ಹುಟ್ಟನ್ನು ದೋಣಿಯಲ್ಲಿಯೇ ಇಟ್ಟಿರಬೇಕು. ಮಾರುವವರು ಇದನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸುವುದು ಒಳ್ಳೆಯದು.

ಈಗ ಹಣದ ಲೆಕ್ಕ. ಕೆಳಗಿನ ದರಗಳು ಲೆಕ್ಕಕ್ಕೆಂದು ನಾನು ಹಿಡಿದವು. ಓದುಗರು ತಮಗೆ ಸಿಕ್ಕ ದರವನ್ನು ಅಲ್ಲಿ ಹಾಕಿಕೊಳ್ಳಬಹುದು. ವರ್ಷಕ್ಕೆ 200 ದಿನದ ಮೀನುಗಾರಿಕೆ. ಮೋಟಾರು 20,000, ಚಾರ್ಜರ್ 3,000, ಐದು ವರ್ಷದ ಬಾಳಿಕೆ: ಒಂದು ದಿನಕ್ಕೆ 23 ರೂಪಾಯಿ. ಸೀಸದ ಬ್ಯಾಟರಿ 12,000, ಗುಜರಿಯಲ್ಲಿ 2,500 ಹಿಂತಿರುಗಿದರೆ ನಿವ್ವಳ 9,500. ಐನೂರು ಬಾರಿ ಬಳಸಿದರೆ ದಿನಕ್ಕೆ 19. ಲಿಥಿಯಂ 20,000, ತಯಾರಕರು ಎರಡು ಸಾವಿರ ಬಾರಿ ಎಂದರೂ ನಾನು ಹತ್ತು ವರ್ಷವನ್ನು ನಂಬದೆ ಆರು ವರ್ಷ ಹಿಡಿಯುತ್ತೇನೆ, ದಿನಕ್ಕೆ 17. ವಿದ್ಯುತ್ತು ಒಂದು ಯೂನಿಟಿಗೂ ಕಡಿಮೆ, 4 ರೂಪಾಯಿ. ಪ್ರೊಪೆಲ್ಲರ್, ಸೀಲು, ಬ್ರಷ್ಷುಗಳ ಬಾಬ್ತು 5. ಸರಾಸರಿ ಬಂಡವಾಳದ ಮೇಲೆ ನೂರಕ್ಕೆ ಹನ್ನೆರಡರ ಬಡ್ಡಿ ಸೀಸಕ್ಕೆ 10, ಲಿಥಿಯಂಗೆ 13. ಕೂಡಿಸಿದರೆ ಸೀಸದ್ದು 61, ಲಿಥಿಯಂನದು 62.

ಇದು ನನಗೇ ಅಚ್ಚರಿ ತಂದ ಫಲಿತಾಂಶ. ಒಂದೇ ರೂಪಾಯಿಯ ಅಂತರವಿದ್ದಾಗ ತೀರ್ಮಾನವನ್ನು ಬೇರೆ ಸಂಗತಿಗಳು ಮಾಡುತ್ತವೆ. ಮೂವತ್ತು ಕಿಲೋಗೂ ಮೇಲಿನ ಸೀಸದ ಬ್ಯಾಟರಿಯನ್ನು ದಿನವೂ ಮನೆಯಿಂದ ದಡಕ್ಕೆ ಹೊರಬೇಕು. ಲಿಥಿಯಂನದು ಏಳೆಂಟು ಕಿಲೋ, ಒಂದು ಕೈಯಲ್ಲಿ ಬರುತ್ತದೆ. ಆದರೆ ಮೊದಲ ದಿನ ಕೈಯಿಂದ ಬಿಡಬೇಕಾದ ಹಣ 35,000 ಬದಲು 43,000. ಬರಗಾಲದ ವರ್ಷ, ನೀರು ತಗ್ಗಿ ನೂರೇ ದಿನ ದೋಣಿ ಇಳಿದರೆ ದಿನದ ಖರ್ಚು ಎರಡರಲ್ಲಿಯೂ ಏರುತ್ತದೆ, ಲಿಥಿಯಂ ಇನ್ನೂ ದುಬಾರಿಯಾಗುತ್ತದೆ. ಆದ್ದರಿಂದ ಗಿರಾಕಿಯನ್ನು ಮೊದಲು ಕೇಳಬೇಕಾದದ್ದು ದೋಣಿಯ ಉದ್ದವನ್ನಲ್ಲ, ವರ್ಷಕ್ಕೆ ಎಷ್ಟು ದಿನ ನೀರಿಗಿಳಿಯುತ್ತೀರಿ ಎಂಬುದನ್ನು.

ಎರಡು ಗಂಟೆ ಸಣ್ಣ ಪೆಟ್ರೋಲ್ ಎಂಜಿನು ಓಡಿಸಿದರೆ ಇಂಧನವೊಂದಕ್ಕೇ ನೂರೈವತ್ತು ದಾಟುವುದರಿಂದ, ಈಗಾಗಲೇ ಪೆಟ್ರೋಲ್ ಹಾಕುವವನಿಗೆ ಈ ಮೋಟಾರು ನಿಸ್ಸಂದೇಹವಾಗಿ ಲಾಭ. ಹುಟ್ಟು ಹಾಕುವವನಿಗೆ ಪ್ರಶ್ನೆಯೇ ಬೇರೆ: ದಿನಕ್ಕೆ 61 ರೂಪಾಯಿ ಕೊಟ್ಟು ಅವನು ಏನನ್ನು ಪಡೆಯುತ್ತಾನೆ? ದಡದಲ್ಲಿ ಕಾಟ್ಲಾ ಕಿಲೋಗೆ 120 ರೂಪಾಯಿ ಸಿಕ್ಕಿದರೆ ಅದು ಅರ್ಧ ಕಿಲೋ ಮೀನು. ದೂರದ ನೀರಿಗೆ ಹೋಗಿ ಅಷ್ಟು ಹೆಚ್ಚು ತರಬಲ್ಲವನು, ಅಥವಾ ಜೊತೆಯಾಳಿಲ್ಲದೆ ಒಬ್ಬನೇ ಹೋಗಿಬರಬಲ್ಲವನು ಕೊಳ್ಳಲಿ. ತೋಳು ಸೋತ ಹಿರಿಯರಿಗಂತೂ ಲೆಕ್ಕ ಬೇರೆಯೇ. ಅದನ್ನು ನಾನು ರೂಪಾಯಿಯಲ್ಲಿ ಬರೆಯಲಾರೆ.

ತೆರಿಗೆಯ ಕಡೆಯಿಂದ

ಮೋಟಾರು, ಶಾಫ್ಟು, ಪ್ರೊಪೆಲ್ಲರ್ ಒಂದಾಗಿರುವ ಈ ಘಟಕ ಸುಂಕಪಟ್ಟಿಯಲ್ಲಿ 8501ನೆಯ ಶೀರ್ಷಿಕೆಗೆ, ಅಂದರೆ ವಿದ್ಯುತ್ ಮೋಟಾರುಗಳಿಗೆ ಸೇರುತ್ತದೆ. ಜಿಎಸ್‌ಟಿ ನೂರಕ್ಕೆ 18. ಮೀನುಗಾರಿಕಾ ದೋಣಿಗಳಿಗೂ ಅವುಗಳ ಭಾಗಗಳಿಗೂ 5ರ ದರವಿದೆ. ದೋಣಿಯ ಭಾಗವಾಗಿಯೇ ಪೂರೈಸಿದ ಮೋಟಾರಿಗೆ ಆ ದರವನ್ನು ಕೇಳಲು ಅವಕಾಶವಿದೆ ಎಂಬ ವಾದ ಸಾಧ್ಯ; ಆದರೆ ಅದೇ ಮೋಟಾರನ್ನು ರೆಸಾರ್ಟಿನ ವಿಹಾರದೋಣಿಗೆ ಮಾರಿದರೆ ಸಲ್ಲದು. ಮುಂಗಡ ನಿರ್ಣಯ ಪಡೆಯದೆ ಬಿಲ್ಲಿನಲ್ಲಿ 5 ಎಂದು ಬರೆಯಬೇಡಿರೆಂದು ನನ್ನ ಸಲಹೆ. ಮೀನುಗಾರನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದಿರುವುದರಿಂದ ನೀವು ಹಾಕುವ ತೆರಿಗೆಯೆಲ್ಲ ಅವನ ಖರ್ಚೇ ಆಗುತ್ತದೆ. ಸೀಸದ ಬ್ಯಾಟರಿಗೆ ಹಿಂದೆ ಇದ್ದ 28ರ ದರ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದು ಲಿಥಿಯಂಗೆ ಸಮನಾಗಿದೆ. ಹಳೆಯ ದರಪಟ್ಟಿ ಇಟ್ಟುಕೊಂಡು ಎರಡನ್ನೂ ಹೋಲಿಸುವವರು ಇದನ್ನು ಗಮನಿಸಬೇಕು.

ಇನ್ನೊಂದು ಮಾತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಆಮದು ಮಾಡಿ ಮಾರುವವರೂ ಉತ್ಪಾದಕರೆನಿಸುತ್ತಾರೆ. ನೋಂದಣಿ ಮಾಡಿಸಿ, ಹಳೆಯ ಬ್ಯಾಟರಿಗಳ ಮರುಸಂಗ್ರಹದ ಹೊಣೆ ಹೊರಬೇಕು. ಮೋಟಾರಿನೊಡನೆ ಬ್ಯಾಟರಿಯನ್ನೂ ತರಿಸುವ ಆಸೆಯನ್ನು ಕಕ್ಷಿದಾರರು ಕೈಬಿಟ್ಟದ್ದು ಇದನ್ನು ಕೇಳಿದ ಮೇಲೆ.

ಲಾಭ ಎಲ್ಲಿದೆ?

ಅವರ ಮೂಲ ಯೋಜನೆಯಲ್ಲಿ 14,000ಕ್ಕೆ ಬಂದ ಮೋಟಾರನ್ನು 17,000ಕ್ಕೆ ಮಾರಿ, ಮೇಲೆ ಜಿಎಸ್‌ಟಿ ಹಾಕಿ, ಗಿರಾಕಿಗೆ 20,000ಕ್ಕೆ ಕೊಡುವುದಿತ್ತು. ಮೋಟಾರಿಗೆ ಮೂರು ಸಾವಿರ ಲಾಭ. ಒಂದು ಮೋಟಾರನ್ನು ವಾರಂಟಿಯಲ್ಲಿ ಬದಲಿಸಿಕೊಟ್ಟರೆ ಐದು ಮೋಟಾರುಗಳ ಲಾಭ ಹೋಗುತ್ತದೆ. ಅರವತ್ತರಲ್ಲಿ ಹದಿಮೂರು ಕೆಟ್ಟರೆ ಇಡೀ ಸರಕಿನ ಲಾಭ ಸೊನ್ನೆ. ಕೆಡುವುದು ಹೇಗೆಂದು ಬಿಚ್ಚಿ ನೋಡಿದರೆ ಮೋಟಾರಿನ ಸುರುಳಿಯಲ್ಲಿ ದೋಷ ಕಡಿಮೆ. ಬಲೆಯ ನೈಲಾನ್ ಎಳೆ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತದೆ, ಒಳಗೆ ನೀರು ಹೋಗುತ್ತದೆ. ಅಂತರಗಂಗೆ ಬೆಳೆದ ಕೆರೆಯಲ್ಲಿ ಪ್ರೊಪೆಲ್ಲರ್ ಸಿಕ್ಕಿಕೊಂಡು ಪಿನ್ನು ಮುರಿಯುತ್ತದೆ. ತೆಳು ತಂತಿ ಹಾಕಿದಲ್ಲಿ ವೋಲ್ಟೇಜ್ ಕುಸಿಯುತ್ತದೆ: ಮೂರು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಂತಿಯಲ್ಲಿ 30 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲಿ 1.3 ವೋಲ್ಟ್ ನಷ್ಟ, ಹನ್ನೆರಡರಲ್ಲಿ ಹತ್ತನೆಯ ಒಂದು ಭಾಗಕ್ಕೂ ಮೇಲು. 10 ಚದರ ಮಿಲಿಮೀಟರಿನದು ಹಾಕಿ, ಬ್ಯಾಟರಿಯ ಬಳಿಯೇ ಫ್ಯೂಸ್ ಇಟ್ಟರೆ ಈ ತೊಂದರೆ ಇಲ್ಲ.

ಸೀಲು, ಬ್ರಷ್ಷು, ಪಿನ್ನು, ತಂತಿ, ಚೌಕಟ್ಟು, ಬ್ಯಾಟರಿ ಪೆಟ್ಟಿಗೆ ಇವೆಲ್ಲ ರಾಜಾಜಿನಗರದಿಂದ ಪೀಣ್ಯದವರೆಗಿನ ನಮ್ಮ ಸಣ್ಣ ಘಟಕಗಳು ಕಣ್ಣುಮುಚ್ಚಿ ಮಾಡಬಲ್ಲ ಕೆಲಸಗಳು. ಮೋಟಾರು ಯಾವ ದೇಶದಿಂದ ಬಂದರೂ ಅದು ಕೆಟ್ಟಾಗ ಮೀನುಗಾರ ಬಸ್ಸಿನಲ್ಲಿ ಹೊತ್ತು ತರುವುದು ಇಲ್ಲಿಗೆ. ಎರಡು ತಲೆಮಾರು ಮುಳುಗು ಪಂಪುಗಳ ಸೀಲು ಬದಲಿಸಿದ ಕೈಗಳಿಗೆ ಇದು ಹೊಸ ವಿದ್ಯೆಯೇನಲ್ಲ.

ಅರವತ್ತರ ಆದೇಶ ಹೋಗಲಿಲ್ಲ. ದೇಶದೊಳಗಿನ ವ್ಯಾಪಾರಿಗಳಿಂದಲೇ 40 ಪೌಂಡಿನ ಐದು ಮೋಟಾರುಗಳನ್ನು ಕೊಂಡರು. ಹರಿಗೋಲಿನ ಅಂಚಿಗೆ ಮೂರು ಕಡೆ ಹಿಡಿಯುವ, ಮೋಟಾರಿನ ಎದುರು ಬದಿಗೆ ಬ್ಯಾಟರಿಯ ಭಾರ ಬರುವಂತಹ ಕೊಳವೆಯ ಚೌಕಟ್ಟೊಂದನ್ನು ತಾವೇ ಬೆಸುಗೆ ಹಾಕಿದರು. ಮೊದಲನೆಯದು ಎಡಕ್ಕೆ ಎಳೆಯಿತು. ಎರಡನೆಯದಕ್ಕೆ ಕೆಳಗೆ ಒಂದು ರೆಕ್ಕೆಯಂತಹ ತಗಡು ಸೇರಿಸಿದ ಮೇಲೆ ನೇರವಾಗಿ ಹೋಗುತ್ತಿದೆ. ಮೂರು ಮೋಟಾರುಗಳು ಮಾರಾಟವಾಗಿವೆ, ಒಂದು ಬಾಡಿಗೆಗೆ ಹೋಗಿದೆ, ಒಂದು ಸೀಲು ಕೊಯ್ದುಕೊಂಡು ಅವರ ಬೆಂಚಿನ ಮೇಲೆ ಬಿಚ್ಚಿಟ್ಟ ಸ್ಥಿತಿಯಲ್ಲಿದೆ. ಚೌಕಟ್ಟನ್ನು ಮಾತ್ರ, ಮೋಟಾರಿಲ್ಲದೆ, ಹನ್ನೊಂದು ಜನ ಕೇಳಿಕೊಂಡು ಹೋಗಿದ್ದಾರೆ.